ಪ್ಲೇಟು ಕೂರುವ ಜಾಗ

ಮುಂದೆ ಹರವಿಟ್ಟ ಏಳು ಪ್ಲೇಟುಗಳಲ್ಲಿ ಒಂದರ ಮೇಲೂ ಆನಂದಕುಮಾರನಿಗೆ ನಂಬಿಕೆ ಹುಟ್ಟಲಿಲ್ಲ. ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದಾದ ತುಂಡು. ಕ್ಯಾಮೆರಾದ ಅಡಿಗೆ ತಿರುಪು ಹಾಕಿ ಬಿಗಿಯಬೇಕು, ಟ್ರೈಪಾಡಿನ ತಲೆಯ ಗುಣಿಯಲ್ಲಿ ಕೂರಿಸಬೇಕು, ಪಕ್ಕದ ಲಿವರ್ ಒತ್ತಿದರೆ ಗಪ್ಪನೆ ಕಚ್ಚಿಕೊಳ್ಳಬೇಕು, ಬೇಕೆಂದಾಗ ಬಿಡಬೇಕು. ಅದರ ಜನ್ಮಕ್ಕೆ ಇರುವುದು ಅದೊಂದೇ ಕೆಲಸ. ಆ ಒಂದು ಕೆಲಸವನ್ನೂ ನೆಟ್ಟಗೆ ಮಾಡಲಾರದ್ದನ್ನು ಯಾವ ಪುಣ್ಯಾತ್ಮ ಎರಕ ಹೊಯ್ದು, ಡಬ್ಬಿಯಲ್ಲಿ ತುಂಬಿ, ಜಹೀರಾಬಾದಿನ ತನಕ ಕಳಿಸಿದನೋ ಅವನನ್ನು ಎದುರಿಗೆ ನಿಲ್ಲಿಸಿ ಕೇಳಬೇಕೆನಿಸಿತು. ಅವನು ಸಿಗುವಂತಿರಲಿಲ್ಲ. ಸಿಕ್ಕವನು ಅಂಗಡಿಯ ಆತ್ಮಾರಾಮ. ಅವನೋ ಒಂದೊಂದೇ ಪ್ಲೇಟನ್ನು ಹಳದಿ ಬಟ್ಟೆಯಿಂದ ಒರೆಸಿ, ಗಾಜಿನ ಮೇಲೆ ಸಾಲಾಗಿಟ್ಟು, ಮಧ್ಯೆ ಮಧ್ಯೆ ಚಹಾ ಕುಡಿಯುತ್ತಿದ್ದ. ಇದು ಚೌಕದ್ದು, ಇದು ಉದ್ದದ್ದು, ಇದಕ್ಕೆ ಕ್ಯಾಮೆರಾ ತಿರುಗದಂತೆ ಸಣ್ಣ ಮೊಳೆ ಇದೆ, ಇದರ ಮೈಗೆ ರಬ್ಬರು, ಇದರ ತಿರುಪಿಗೆ ಉಂಗುರ ಇದೆ, ಕೈಯಿಂದಲೇ ಬಿಗಿಯಬಹುದು. ಆ ಸಮಾಧಾನ ನೋಡಿಯೇ ಆನಂದಕುಮಾರನಿಗೆ ಮೈ ಉರಿಯಿತು. ಹೊರಗೆ ಹೆದ್ದಾರಿಯ ಕಡೆಯಿಂದ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಆ ಹಾಡಿಗೂ ಉರಿಯಿತು. ಹನ್ನೊಂದು ದಿನದಿಂದ ಹೀಗೇ ಆಗಿತ್ತು. ಬೆಳಗ್ಗೆ ನಾರಾಯಣಖೇಡದ ಮನೆಯಲ್ಲಿ ಹೊರಡುವಾಗ ಚಪ್ಪಲಿ ಸಿಗಲಿಲ್ಲವೆಂದು ಕೂಗಾಡಿದಾಗ ಹೆಂಡತಿ ಬಸವೇಶ್ವರಿ, "ನಿಮ್ಮ ಸಿಟ್ಟಿಗಿ ಯಾರೂ ಸಿಗಲಿಲ್ಲಂದ್ರ ಗ್ವಾಡಿಗೇ ಬಡೀತೀರಿ ನೀವು" ಎಂದಿದ್ದಳು. ಮಾತು ಸರಿಯಾಗಿಯೇ ಇತ್ತು. ಅದಕ್ಕೇ ಅದು ಇನ್ನೂ ಚುಚ್ಚುತ್ತಿತ್ತು.

"ಹಳೇ ಪ್ಲೇಟಿಗಿ ಏನಾತ್ರಿ?" ಆತ್ಮಾರಾಮ ಕೇಳಿದ.

"ಖರಾಬ್ ಆಗ್ಯದ."

"ತುಂಡಾಗ್ಯದೇನು?"

"ಕಚ್ಚಲಿಲ್ಲ. ಕ್ಯಾಮೆರಾ ಬಿತ್ತು."

"ಅರೇ! ಎಲ್ಲಿ ಬಿತ್ತು?"

ಎಲ್ಲಿ ಬಿತ್ತು ಅಂತ ಇವನಿಗೆ ಹೇಳಬೇಕಾ. ಕಂಗ್ಟಿಯ ಶಂಕ್ರೆಪ್ಪನ ಪಡಸಾಲೆಯಲ್ಲಿ ಬಿತ್ತು. ಶಂಕ್ರೆಪ್ಪ ಗೋಡೆಗೆ ಒರಗಿ ಕೂತಿದ್ದ. ಹಣೆ ತುಂಬ ವಿಭೂತಿ, ತಲೆಗೆ ಹೊಸ ರುಮಾಲು, ಕೊರಳಲ್ಲಿ ಚೆಂಡುಹೂವಿನ ಮಾಲೆ, ಎಡಗೈಯಲ್ಲಿ ಇಷ್ಟಲಿಂಗ. ಜೀವ ಹೋಗಿ ಹತ್ತು ತಾಸು ಆಗಿತ್ತು. ಲಿಂಗವಂತರಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಕೂರಿಸಿ ಸಿಂಗರಿಸಿ, ಕೂತಂತೆಯೇ ಮಣ್ಣಿಗೆ ಇಳಿಸುತ್ತಾರೆ. ಇಳಿಸುವ ಮುಂಚೆ ಮನೆಯವರೆಲ್ಲ ಸುತ್ತ ನಿಂತು ಕಡೆಯ ಫೋಟೋ ತೆಗೆಸುತ್ತಾರೆ. ಆ ಫೋಟೋ ತೆಗೆಯುವುದರಲ್ಲಿ ಆನಂದಕುಮಾರನದು ಎತ್ತಿದ ಕೈ. ಹೋದವರ ಗದ್ದ ಕೆಳಗೆ ಬೀಳದ ಹಾಗೆ ಕೊರಳ ಹಿಂದೆ ಬಟ್ಟೆ ಹೇಗೆ ಇಡಬೇಕು, ಅಳುವವರನ್ನು ಎಷ್ಟು ಹೊತ್ತು ಅಳಲು ಬಿಟ್ಟು ಯಾವಾಗ "ಇಲ್ಲಿ ನೋಡ್ರಿ" ಅನ್ನಬೇಕು ಎಲ್ಲ ಅವನಿಗೆ ತಿಳಿದಿತ್ತು. ಮದುವೆಗೆ ಹೈದರಾಬಾದಿನವರನ್ನು ಕರೆಸುವ ಮನೆಗಳೂ ಸಾವಿಗೆ ಅವನನ್ನೇ ಕರೆಯುತ್ತಿದ್ದವು. ನಮ್ಮವನು, ರೀತಿ ಗೊತ್ತಿರುವವನು ಎನ್ನುತ್ತಿದ್ದರು. ಫೋಟೋ ಅವನದು, ವಿಡಿಯೋ ಅವನ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ನರೇಶನದು. ಹದಿನೆಂಟು ವರ್ಷದಿಂದ ಅದೇ ಪಾಳಿ. ಅವತ್ತು ಮನೆಯೊಳಗೆ ಕಾಲಿಡುವಾಗಲೇ ಶಂಕ್ರೆಪ್ಪನ ತಮ್ಮ ನರೇಶನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಇವ ಯಾರ ಪೈಕಿ?" ಎಂದು ಕೇಳಿದ್ದ. "ನಮ್ಮ ಹುಡುಗರಿ" ಎಂದಿದ್ದ ಆನಂದಕುಮಾರ. ನರೇಶನಿಗೆ ನಲವತ್ತೊಂದು. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿದ್ದವು. ಅವನು ಕೇಳಿಸಿಕೊಳ್ಳದವನಂತೆ ಟ್ರೈಪಾಡಿನ ಕಾಲು ಬಿಡಿಸುತ್ತಿದ್ದ.

"ಹೆಡ್ ತಂದೀರೇನ್ರಿ?" ಆತ್ಮಾರಾಮ ಕೇಳುತ್ತಿದ್ದ. "ಹೆಡ್ ನೋಡಲಾರ್ದ ಪ್ಲೇಟ್ ಕೊಡದಂದ್ರ ಕಾಲ್ ನೋಡಲಾರ್ದ ಚಪ್ಲಿ ಕೊಟ್ಟಂಗ್ ಆತದ."

ತಂದಿದ್ದ. ಟ್ರೈಪಾಡಿನ ತಲೆಯನ್ನು ಬಿಚ್ಚಿ, ಹಳೆಯ ಪ್ಲೇಟಿನ ಸಮೇತ ಟವೆಲ್ಲಿನಲ್ಲಿ ಸುತ್ತಿ, ಚೀಲದಲ್ಲಿ ಹಾಕಿಕೊಂಡೇ ಬಂದಿದ್ದ. ಅದನ್ನು ಗಾಜಿನ ಮೇಲೆ ಬೇಕೆಂದೇ ಕೊಂಚ ಜೋರಾಗಿ ಕುಕ್ಕಿದ. ಗಾಜು ಒಡೆದಿದ್ದರೆ ಒಂದು ನಮೂನೆ ಹಗುರವಾಗುತ್ತಿತ್ತೇನೋ. ಆತ್ಮಾರಾಮ ತಲೆ ಎತ್ತಲಿಲ್ಲ. ಚೌಕದ ಪ್ಲೇಟನ್ನು ಗುಣಿಯಲ್ಲಿಟ್ಟು ಲಿವರ್ ಒತ್ತಿದ, ಅಲ್ಲಾಡಿಸಿದ. ಪ್ಲೇಟು ಕಡ್ ಕಡ್ ಎಂದಿತು. ಬೇರೆಯದನ್ನು ಇಟ್ಟ. ಅದೂ ಹಾಗೇ. ಮೂರನೆಯದು ಅದೇ ಕಂಪನಿಯದು, ಅದೇ ಅಳತೆಯದು. "ಕುಂದ್ರತದ, ಕಚ್ಚವಲ್ದು" ಎಂದು ತನಗೇ ಹೇಳಿಕೊಂಡ.

"ನಾ ಹೇಳಿದ್ನಲ್ಲ, ಎಲ್ಲಾ ಖರಾಬ್ ಮಾಲ್" ಎಂದ ಆನಂದಕುಮಾರ. ಅವನ ದನಿಯಲ್ಲಿ ಗೆದ್ದವನ ಖುಷಿ ಇತ್ತು. ಪ್ಲೇಟಿನ ತಪ್ಪಾದರೂ ಆಗಲಿ, ಕೂರಿಸಿದ ನರೇಶನ ತಪ್ಪಾದರೂ ಆಗಲಿ. ಇವೆರಡರ ಆಚೆಗೆ ಯಾವ ಯೋಚನೆಯನ್ನೂ ಅವನು ಹನ್ನೊಂದು ದಿನ ಹತ್ತಿರ ಬಿಟ್ಟುಕೊಂಡಿರಲಿಲ್ಲ. ಭಜನೆಯವರು ಅರ್ಧ ಪಡಸಾಲೆ ಹಿಡಿದು ಕೂತಿದ್ದರಿಂದ ಅವತ್ತು ಜಾಗ ಇಕ್ಕಟ್ಟು. ಹಿಂದೆ ನಿಂತವರ ಮುಖಗಳೂ ಬರಲೆಂದು ಟ್ರೈಪಾಡನ್ನು ಎತ್ತರ ಮಾಡಿ, ಹೆಣದ ಮುಂದೆ ಒಂದು ಮೊಳದಲ್ಲೇ ನಿಲ್ಲಿಸಿ, ಕ್ಯಾಮೆರಾದ ಮೂತಿ ತಗ್ಗಿಸಿದ್ದರು. ಮೊದಲು ಒಂದು ಸಣ್ಣ ಸದ್ದು. ಆಮೇಲೆ ಕ್ಯಾಮೆರಾ ಪ್ಲೇಟಿನ ಸಮೇತ ಜಾರಿ ನೇರ ಶಂಕ್ರೆಪ್ಪನ ಮೊಣಕಾಲಿಗೆ ಬಡಿಯಿತು. ಕೂತ ಮೈ ಪಕ್ಕಕ್ಕೆ ವಾಲಿತು, ರುಮಾಲು ಕಣ್ಣಿನ ಮೇಲೆ ಇಳಿಯಿತು, ಅಂಗೈಯಲ್ಲಿದ್ದ ಲಿಂಗ ಉರುಳಿ ಹೂವಿನೊಳಗೆ ಸೇರಿತು. ಭಜನೆ ನಿಂತುಹೋಯಿತು. ಶಂಕ್ರೆಪ್ಪನ ಹೆಂಡತಿ ಈರಮ್ಮ, ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದೆ ಕೂತಿದ್ದ ಮುದುಕಿ, ಗಂಡನ ಮೊಣಕಾಲನ್ನು ಎರಡೂ ಕೈಯಿಂದ ಉಜ್ಜುತ್ತ, "ಬಡೀತ್ರಿ, ಅವರಿಗಿ ಭಾಳ ಬಡೀತ್ರಿ, ಯಾರರೆ ನೋಡ್ರಿ" ಎಂದು ಕೂಗತೊಡಗಿದಳು.  ಸತ್ತವರಿಗೆ ನೋವಾಗುವುದಿಲ್ಲ ಎಂದು ಈರಮ್ಮನಿಗೆ ಹೇಳುವ ಧೈರ್ಯ ಆ ಪಡಸಾಲೆಯಲ್ಲಿ ಯಾರಿಗೂ ಇರಲಿಲ್ಲ.

ಆಗ ಆನಂದಕುಮಾರ ನರೇಶನ ಕೆನ್ನೆಗೆ ಹೊಡೆದ. ಕೈ ಎದ್ದದ್ದೇ ಗೊತ್ತಾಗಲಿಲ್ಲ ಎಂದು ಆಮೇಲೆ ಬಸವೇಶ್ವರಿಗೆ ಹೇಳಿದ. ಸುಳ್ಳು. ಗೊತ್ತಾಗಿತ್ತು. ಕೈ ಎತ್ತುವ ಮುಂಚೆ ಅವನು ಶಂಕ್ರೆಪ್ಪನ ತಮ್ಮನ ಮುಖ ನೋಡಿದ್ದ. ಆ ಮುಖ ಯಾರಾದರೊಬ್ಬನನ್ನು ಬೇಡುತ್ತಿತ್ತು. ಆ ಒಬ್ಬ ತಾನಾಗಬಾರದು ಎಂಬ ಲೆಕ್ಕ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗಿತ್ತು. ಏಟು ಇಡೀ ಪಡಸಾಲೆಗೆ ಕೇಳಿಸಿತು. "ಇಂಥವರ್ನ ಮನಿಯೊಳಗ ಯಾಕ ತರ್ತೀರಿ?" ಎಂದ ತಮ್ಮ, ಸಿಟ್ಟಿನಲ್ಲೂ 'ತರ್ತೀರಿ' ಎಂದು ಬಹುವಚನದಲ್ಲಿ. ನರೇಶ ಕ್ಯಾಮೆರಾ ಎತ್ತಿ ಅಂಗಿಯ ತುದಿಯಿಂದ ಒರೆಸಿ, ಆನಂದಕುಮಾರನ ಚೀಲದೊಳಗಿಟ್ಟು, ಚೈನು ಎಳೆದು ಹೊರಗೆ ಹೋದ. ಅವತ್ತಿನಿಂದ ಸ್ಟುಡಿಯೋಕ್ಕೆ ಬಂದಿಲ್ಲ, ಫೋನು ಎತ್ತಿಲ್ಲ. ತಾಂಡೂರಿನಲ್ಲಿ ಷಡ್ಡಕನ ಮನೆಯಲ್ಲಿದ್ದಾನೆ, ಕಲ್ಲು ಪಾಲಿಶ್ ಮಾಡುವಲ್ಲಿ ಕೆಲಸಕ್ಕೆ ಸೇರಿದ್ದಾನೆ, ಇನ್ನು ಕ್ಯಾಮೆರಾ ಮುಟ್ಟುವುದಿಲ್ಲ ಅಂದಿದ್ದಾನಂತೆ ಎಂದು ನಿನ್ನೆ ಯಾರೋ ಹೇಳಿದರು. ಮುಟ್ಟದಿದ್ದರೆ ಬಿಡಲಿ ಎಂದುಕೊಂಡಿದ್ದ ಆನಂದಕುಮಾರ. ಆದರೆ ಶುಕ್ರವಾರ ನ್ಯಾಲ್ಕಲ್‌ನಲ್ಲಿ ಮದುವೆ ಇತ್ತು. ಮದುವೆಗೆ ಬೇರೆಯವರು ಸಿಗುತ್ತಾರೆ, ಅದಲ್ಲ. ನಿನ್ನೆ ಸಂಜೆ ಸ್ಟುಡಿಯೋದಲ್ಲಿ ಒಬ್ಬನೇ ಕೂತು, "ಲೈಟ್ ಜರಾ ಎಡಕ್ಕ ತಗೋ" ಎಂದು ಯಾರೂ ಇಲ್ಲದ ಕಡೆಗೆ ಹೇಳಿದ್ದ. ಅದನ್ನು ಅವನಿಗೆ ತಡೆಯಲಾಗಲಿಲ್ಲ.

"ಇದೇನ್ ಪ್ಲೇಟಿಂದ್ ಅಲ್ರಿ" ಎಂದ ಆತ್ಮಾರಾಮ. ಮೊಬೈಲಿನ ಬೆಳಕು ಬಿಟ್ಟು, ಲಿವರ್ ತಿರುಗುವ ಸಂದಿಯೊಳಗೆ ಸೂಜಿ ಹಾಕಿ ಕೆದಕುತ್ತಿದ್ದ. "ಏಳಕ್ಕ ಏಳೂ ಖರಾಬ್ ಇರ್ತಾವೇನು? ಒಳಗ ಏನೋ ಕುಂತದ ನೋಡ್ರಿ." ಸೂಜಿಯ ತುದಿಗೆ ಕರ್ರಗಿನ ಎಳೆಯೊಂದು ಬಂತು. ಎಳೆದ. ಬರುತ್ತಲೇ ಹೋಯಿತು, ಗೇಣುದ್ದ. ದಾರ. ಒಂದು ಕಾಲಕ್ಕೆ ಅರಿಶಿಣ ಹಚ್ಚಿದ್ದ ದಾರ, ವಿಭೂತಿ ಎಣ್ಣೆ ಕೂಡಿ ಗಾರೆಯ ಹಾಗೆ ಗಟ್ಟಿಯಾಗಿತ್ತು. ಆತ್ಮಾರಾಮ ಅದನ್ನು ಬೆಳಕಿಗೆ ಹಿಡಿದು ನಕ್ಕ. "ಪೂಜಾ ಭಾಳ ಜೋರ್ ಮಾಡೀರಿ ಕಾಣ್ತದ! ದಸರಾದ್ದೇನು? ಲಿವರಿಗಿ ಯಾರ್ರಿ ಕಟ್ಟಿದ್ದು?"

"ನಮ್ಮ ಹುಡುಗ" ಎಂದುಬಿಟ್ಟ ಆನಂದಕುಮಾರ.

ಬಾಯಿಂದ ಬಂದಮೇಲೆ ಕಿವಿ ಬಿಸಿಯಾಯಿತು. ಎಷ್ಟು ಸಲೀಸಾಗಿ ಬಂತು. ದಸರಾದ ಖಂಡೆಪೂಜೆಯ ದಿನ ಸ್ಟುಡಿಯೋ ತೊಳೆದು, ಕ್ಯಾಮೆರಾ ಲೆನ್ಸು ಲೈಟು ಎಲ್ಲ ಕಂಬಳಿಯ ಮೇಲೆ ಜೋಡಿಸಿ, ಮಿಂದು ಮಡಿಯುಟ್ಟು ಕಂಕಣ ಕಟ್ಟಿದವನು ಅವನೇ. ಪ್ರತಿವರ್ಷ ಅವನೇ ಕಟ್ಟುವುದು. ಬೇರೆಯವರ ಕೈಯಿಂದ ಕಟ್ಟಿಸುವವನಲ್ಲ. ಬಾಗಿಲ ಹತ್ತಿರ ನಿಂತಿದ್ದ ನರೇಶ, "ಅಣ್ಣಾ, ಲಿವರಿಗಿ ಬ್ಯಾಡ, ಒಳಗ ಸಿಗ್ತದ. ತೆಳಗ ಕಾಲಿಗಿ ಕಟ್ರಿ" ಎಂದಿದ್ದ. "ನೆಲಕ್ಕ ತಾಗೋ ಕಡಿ ದೇವರ ದಾರ ಕಟ್ತಾರೇನೋ? ನಿಮ್ಮ ಮನ್ಯಾಗ ಹಂಗ ಇರ್ಬೇಕು" ಎಂದು ನಗಿಸುವ ಹಾಗೆ ಹೇಳಿ, ಲಿವರಿಗೆ ಮೂರು ಸುತ್ತು ಸುತ್ತಿ, ಮೇಲೆ ಅರಿಶಿಣ, ವಿಭೂತಿ ಬಳಿದಿದ್ದ. ಕಂಕಣ ಕತ್ತರಿಸಬಾರದು, ತಾನಾಗಿ ಉದುರಬೇಕು. ಹೊರಗಿನ ಸುತ್ತು ಹದಿನೈದು ದಿನಕ್ಕೆ ಉದುರಿತು. ಒಳಗಿನದು ಯಾರಿಗೂ ಕಾಣಲಿಲ್ಲ. ಆಮೇಲೆ ಎರಡು ಸಲ, ಇಲ್ಲ, ಮೂರು ಸಲ ನರೇಶ ಹೇಳಿದ್ದ, "ಲಿವರ್ ಪೂರಾ ಹೋಗವಲ್ದಣ್ಣಾ." ಮೂರು ಸಲವೂ ಉತ್ತರ ಒಂದೇ: "ಒತ್ತಿ ಹಾಕು, ಕೈಯಾಗ ಜೀವ ಇಲ್ಲೇನು?"

ಆತ್ಮಾರಾಮ ಹಳೆಯ ಪ್ಲೇಟನ್ನು ಕೂರಿಸಿ ಲಿವರ್ ಒತ್ತಿದ. ಗಪ್ಪನೆ ಕಚ್ಚಿತು. ತಲೆಯನ್ನು ತಲೆಕೆಳಗು ಮಾಡಿ ಜಾಡಿಸಿದರೂ ಅಲ್ಲಾಡಲಿಲ್ಲ. "ನಿಮ್ಮ ಹಳೇದೇ ಗಟ್ಟಿ ಅದ. ಹೊಸಾದು ಯಾತಕ್ಕ?" ಎಂದ. ಮಾರುವವನ ಬಾಯಲ್ಲಿ ಬರಬಾರದ ಮಾತು ಅದು. ಆನಂದಕುಮಾರನಿಗೆ ಅಂಥ ಸಿಟ್ಟು ಬಂತು ಅಂದರೆ, ಅವನ ಚಹಾದ ಲೋಟ ತೆಗೆದು ರಸ್ತೆಗೆ ಎಸೆಯಬೇಕೆನಿಸಿತು. ಒಂದು ಕೆಟ್ಟ ಪ್ಲೇಟು ಕೊಟ್ಟು ಕಳಿಸಲಾರದ ಇವನೆಂಥ ವ್ಯಾಪಾರಿ! "ಕೊಡ್ರಿ ಅಂದ್ರ ಕೊಡ್ರಿ" ಎಂದ. ಮೊಳೆ ಇದ್ದದ್ದನ್ನು, ರಬ್ಬರು ಇದ್ದದ್ದನ್ನು, ಉಂಗುರ ಇದ್ದದ್ದನ್ನು ಎತ್ತಿ ಎತ್ತಿ ನೋಡಿ, ಕಡೆಗೆ ಮೂರೂ ಇದ್ದ ಒಂದನ್ನು ತೆಗೆದುಕೊಂಡ. ಗುಣಿಯಲ್ಲಿ ಸರಿಯಾಗಿ ಕೂರುತ್ತದೋ ಇಲ್ಲವೋ ಎಂದು ನೋಡುವುದಕ್ಕೂ ನಿಲ್ಲಲಿಲ್ಲ.

ತಾಂಡೂರಿನ ಬಸ್ಸಿನಲ್ಲಿ ಕೂರಲು ಜಾಗ ಇರಲಿಲ್ಲ. ಹೆಂಗಸರಿಗೆ ಟಿಕೀಟು ಇಲ್ಲವಾದಾಗಿನಿಂದ ಗಂಡಸರು ನಿಂತೇ ಹೋಗುವುದು ರೂಢಿಯಾಗಿತ್ತು. ಬಗಲಲ್ಲಿ ಚೀಲ ಹಿಡಿದು ಕಂಬಿಗೆ ಜೋತುಕೊಂಡು ಅವನು ಮಾತು ಜೋಡಿಸತೊಡಗಿದ. ನರೇಶಾ, ಪ್ಲೇಟ್ ಖರಾಬ್ ಇತ್ತು, ನಿಂದೂ ತಪ್ಪಿಲ್ಲ, ನಂದೂ ತಪ್ಪಿಲ್ಲ, ನೋಡು ಹೊಸಾದು ತಂದೀನಿ. ಒಳ್ಳೆಯ ಮಾತು. ಇಬ್ಬರ ಮಾನವೂ ಉಳಿಯುತ್ತದೆ. ಯಾರಿಗೂ ಬಡಿಯುವುದಿಲ್ಲ. ಕೆಂಪು ಹೊಲಗಳು, ಜೋಳ, ತೊಗರಿ ಕೊಯ್ದ ಬೋಳು ಕೂಳೆ ಹಿಂದಕ್ಕೆ ಹೋಗುತ್ತಿದ್ದವು. ಪಕ್ಕದ ಸೀಟಿನ ಮುದುಕಿ ಎಲೆಯಡಿಕೆ ಜಗಿಯುತ್ತ ಅವನನ್ನೇ ನೋಡುತ್ತಿದ್ದಳು, ಈರಮ್ಮನ ಹಾಗೆಯೇ ದೊಡ್ಡ ಮೂಗುತಿ. ಅವಳ ಕಡೆಗೆ ಬೆನ್ನು ತಿರುಗಿಸಿದ. ಆದರೆ ಪ್ಲೇಟು ಖರಾಬಿರಲಿಲ್ಲ ಎಂದು ನರೇಶನಿಗೆ ತಿಳಿಯದೆ ಇರುತ್ತದೆಯೆ? ಹದಿನೆಂಟು ವರ್ಷ ಅದನ್ನೇ ಮುಟ್ಟಿದ ಕೈ. ಮುಖ ನೋಡಿ ಸುಮ್ಮನಿರುತ್ತಾನೆ. ಅವನ ಆ ಸುಮ್ಮನಿರುವಿಕೆಯೇ ಆನಂದಕುಮಾರನಿಗೆ ಹದಿನೆಂಟು ವರ್ಷದಿಂದ ಆಗದೆ ಇದ್ದದ್ದು. ಒಂದು ಸಲ ತಿರುಗಿ ಬೈದಿದ್ದರೆ, ಅವತ್ತು ಪಡಸಾಲೆಯಲ್ಲಿ ಅಂಗಿ ಹಿಡಿದು ಎಳೆದಿದ್ದರೆ, ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಹೊಡೆದವನನ್ನು ಹೊಡೆಯದೆ ಬಿಟ್ಟು ಹೋಗಿ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಅಡ್ನಾಡಿ. ಹೀಗೆ ಬೈದುಕೊಳ್ಳುತ್ತ ಬೈದುಕೊಳ್ಳುತ್ತ, ಊರು ಹತ್ತಿರ ಬಂದು ರಸ್ತೆಯ ಎರಡೂ ಮಗ್ಗುಲಿಗೆ ಚಪ್ಪಡಿ ಕಲ್ಲುಗಳ ಸಾಲು ಕಾಣತೊಡಗಿದಾಗ, ಅವನೊಳಗೆ ಏನೋ ಸಡಿಲವಾಯಿತು. ಹೇಳಿಬಿಡುವುದು. ದಾರ ನಾನೇ ಕಟ್ಟಿದ್ದು, ನೀನು ಬೇಡ ಅಂದಿದ್ದೆ, ನನ್ನ ಕೈ ತಪ್ಪಿಗೆ ನಿನ್ನ ಕೆನ್ನೆಗೆ ಹೊಡೆದೆ. ಮೂರೇ ಮಾತು. ಅವನ ಹೆಂಡತಿಯ ಎದುರಿಗೇ ಹೇಳುವುದು. ಕಂಗ್ಟಿಗೂ ಹೋಗಿ ಈರಮ್ಮನ ಎದುರಿಗೆ ಹೇಳುವುದು. ಹಾಗೆ ನಿಶ್ಚಯಿಸಿದ ಮೇಲೆ ಹನ್ನೊಂದು ದಿನದಲ್ಲಿ ಮೊದಲ ಸಲ ಹೊಟ್ಟೆ ಹಸಿಯಿತು.

ಮನೆ ಪಾಲಿಶ್ ಶೆಡ್ಡುಗಳ ಹಿಂದಿನ ಓಣಿಯಲ್ಲಿತ್ತು. ಬಾಗಿಲಲ್ಲಿ ನರೇಶನ ಹೆಂಡತಿ ಮಾಧುರಿ ಅಕ್ಕಿ ಆರಿಸುತ್ತಿದ್ದಳು. ಅವನನ್ನು ಕಂಡು ಎದ್ದು ನಿಂತಳು. ಸೆರಗು ಸರಿ ಮಾಡಿಕೊಂಡಳು, ಬನ್ನಿ ಅನ್ನಲಿಲ್ಲ.

"ಹೊಡದಿದ್ದು ಸಾಕಾಗಿಲ್ಲೇನ್ರಿ ಅಣ್ಣಾ, ಇಲ್ಲಿತನಕ ಬಂದೀರಿ?"

"ಮಾಧುರಿ, ನಾ ಏನ್ ಹೇಳಾಕ ಬಂದೀನಂದ್ರ..."

"ನೀವ್ ಹೇಳಿದ್ದು ಹದಿನೆಂಟ್ ವರ್ಷ ಕೇಳಿದೆವು. ಇವತ್ತ ನಂದ್ ಕೇಳ್ರಿ." ಅವಳ ದನಿ ನಡುಗುತ್ತಿತ್ತು, ಆದರೆ ಇಳಿಯಲಿಲ್ಲ. "ನಮ್ಮನಿಯವರ ಕೈಯಾಗಿಂದ ಇಷ್ಟ್ ವರ್ಷದಾಗ ಲೆನ್ಸಿನ ಮುಚ್ಚಳರೆ ಬಿದ್ದದೇನು? ರಾತ್ರಿ ಮನಿ ಕೀಲಿ ಹಾಕಿ ಮೂರ್ ಸಲ ಜಗ್ಗಿ ನೋಡೋ ಮನಷ್ಯಾ ಅವ್ರು. ಲಿವರ್ ಹಾಕಲಾರ್ದ ಬಿಡ್ತಾರೇನು? ಊರ ಮಂದಿ ಎಲ್ಲಾ ಅಂದ್ರು, ನಮ್ಮಕ್ಕನೂ ಅಂದ್ಳು, ಅವನದೇ ತಪ್ಪಿರ್ಬೇಕು ಬಿಡು ಅಂತ. ನಾ ಒಬ್ಬಾಕಿನೇ ಎಲ್ಲರ ಕೂಡ ಜಗಳಾಡೀನಿ, ಅವರದು ತಪ್ಪಿಲ್ಲ ಅಂತ. ನಿಮಗ ಗೊತ್ತಿಲ್ಲೇನ್ರಿ? ಎದಿ ಮುಟ್ಟಿ ಹೇಳ್ರಿ."

"ಗೊತ್ತದ ತಂಗಿ" ಎಂದ ಆನಂದಕುಮಾರ.  ದಾರಿ ಸಲೀಸಾಗಿತ್ತು, ಅವಳೇ ಮಾಡಿಕೊಟ್ಟಿದ್ದಳು. ಇನ್ನೊಂದು ಮಾತು ಅಂದರೆ ಮುಗಿಯಿತು. "ಅದನ್ನೇ ಹೇಳಾಕ..."

"ತಪ್ಪ್ ನಂದೇ ಅದ ಅಣ್ಣಾ."

ನರೇಶ ಓಣಿಯ ತಿರುವಿನಿಂದ ಬಂದಿದ್ದ. ಕೂದಲು, ಹುಬ್ಬು, ಕೈ ಎಲ್ಲ ಕಲ್ಲಿನ ಹುಡಿಯಿಂದ ಬೆಳ್ಳಗಾಗಿದ್ದವು. ನೀರಿನಲ್ಲಿ ನೆನೆದು ಬೆರಳಿನ ತುದಿಗಳು ಬಿರುಕು ಬಿಟ್ಟಿದ್ದವು. ಅವನು ಹತ್ತಿರ ಬಂದು, ಹೆಂಡತಿಯ ಕಡೆಗೆ ನೋಡದೆ, ನೆಲ ನೋಡುತ್ತ ಹೇಳಿದ: "ಲಿವರ್ ಪೂರಾ ಕುಂತಿಲ್ಲಂತ ನನಗ ಗೊತ್ತಿತ್ತು. ಅದು ಭಾಳ ದಿನದಿಂದ ಬಿರುಸ್ ಇತ್ತಲ್ಲ. ಬೆರಳಿಲೆ ಒತ್ತಿ ಹಿಡ್ಕೊಂಡೇ ನಿಂತಿದ್ದೆ. ಶಂಕ್ರೆಪ್ಪನ ತಮ್ಮ ನನ್ನ ಕಡಿ ನೋಡಿದ್ರು. ನೀವು 'ನರೇಶಾ, ನೀ ಜರಾ ದೂರ ಸರಿ' ಅಂದ್ರಿ. ನಾ ಕೈ ತಗದೆ. ತಗೀಬಾರದಿತ್ತು. ಲಿವರ್ ಕುಂತಿಲ್ಲ ಅಂತ ಒಂದ್ ಮಾತು ಹೇಳಬೇಕಿತ್ತು. ಹೇಳ್ಲಿಲ್ಲ. ಆ ಹಿರ್ಯಾ ಮನಷ್ಯಾ, ಹೋದಮ್ಯಾಲ ನನ್ನ ಸಲುವಾಗಿ ಏಟ್ ತಿಂದ. ಆ ಮುದುಕಿ ಕೂಗಿದ್ದು ದಿನಾ ಕಿವಿಯಾಗ ಕೇಳ್ತದ. ಅದಕ್ಕೇ ಮಾರಿ ತೋರ್ಸಾಕ ಆಗವಲ್ದು ನನಗ. ನೀವ್ ಹೊಡದ್ರಿ ಅಂತ ಅಲ್ಲ."

ದೂರ ಸರಿ. ಆ ಮಾತು ಆಡಿದ್ದು ಆನಂದಕುಮಾರನಿಗೆ ಮರೆತೇಹೋಗಿತ್ತು. ಶಂಕ್ರೆಪ್ಪನ ತಮ್ಮ ಹುಬ್ಬು ಎತ್ತಿದ್ದು, ತಾನು ಮುಗುಳ್ನಕ್ಕು ತಲೆಯಾಡಿಸಿ ಆ ಮಾತು ಅಂದದ್ದು ಈಗ ಬಿಸಿಲಿನಷ್ಟು ನಿಚ್ಚಳವಾಗಿ ಕಂಡಿತು. ನರೇಶನ ಮೇಲೆ ಅವನಿಗೆ ಈವರೆಗೆ ಬರದಿದ್ದಂಥ ಸಿಟ್ಟು ಬಂತು. ಅರ್ಧ ನಿಮಿಷ ತಡೆದಿದ್ದರೆ ಇವನ ಗಂಟೇನು ಹೋಗುತ್ತಿತ್ತು? ನಾನು ಹೇಳುವವನಿದ್ದೆ. ನಿಜವಾಗಿ ಹೇಳುವವನಿದ್ದೆ. ಬಾಯಿ ತೆರೆದಿತ್ತು. ಇವನು ಬಂದು, ಯಾರೂ ಕೇಳದೆ ತಲೆ ಬಗ್ಗಿಸಿ ನಿಂತು, ಆ ಬಾಯಿಯೊಳಗಿನ ಮಾತನ್ನು ಕಸಿದುಕೊಂಡ. ಇಂಥವನನ್ನು ಹೊಡೆಯದೆ ಮತ್ತೇನು ಮಾಡುವುದು? ಸಿಟ್ಟಿನ ಅಡಿಯಲ್ಲಿ, ಅವನು ಬೇಡವೆಂದರೂ, ಮೈಯೆಲ್ಲ ತಣ್ಣಗಾಗುತ್ತಿತ್ತು. ಯಾರಿಗೂ ಹೇಳಬೇಕಾಗಿಲ್ಲ. ಕಂಗ್ಟಿಗೂ ಹೋಗಬೇಕಾಗಿಲ್ಲ. ಮಾಧುರಿ ಗಂಡನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಹನ್ನೊಂದು ದಿನ ನಿಂತಿದ್ದ ಏನೋ ಒಂದು ಕುಸಿಯುತ್ತಿತ್ತು. ಈಗ ಹೇಳಬಹುದಿತ್ತು. ಈಗಲೂ. ಶೆಡ್ಡಿನಲ್ಲಿ ಗರಗಸ ಕಲ್ಲಿಗೆ ತಾಗಿ ಕೂಗಿತು; ಅದು ನಿಲ್ಲಲಿ ಎಂದು ಆನಂದಕುಮಾರ ಕಾದ. ನಿಂತಿತು.

"ಆತು ಬಿಡು" ಎಂದ. "ಮನಷ್ಯಾ ಅಂದಮ್ಯಾಲ ತಪ್ಪ್ ಆಗ್ತಾವ. ನಾನೂ ಕೈ ಮಾಡಬಾರದಿತ್ತು. ಇನ್ಮ್ಯಾಗ ಜರಾ ನೋಡ್ಕೊಂಡು ಮಾಡು."

ನರೇಶ ಕಣ್ಣು ಒರೆಸಿಕೊಂಡ. ಹುಡಿ ಮೆತ್ತಿದ ಕೆನ್ನೆಯ ಮೇಲೆ ಒದ್ದೆಯ ಗೆರೆ ಬಿತ್ತು. ಮಾಧುರಿ ಗಂಡನಿಗೆ, "ನನಗರೆ ಹೇಳಬಾರದೇನು? ನಾ ಯಾವ ಮಾರಿ ಇಟ್ಕೊಂಡು ಅಷ್ಟ್ ಮಂದಿ ಕೂಡ ಜಗಳಾಡಿದೆ" ಎಂದು ಸಣ್ಣ ದನಿಯಲ್ಲಿ ಅಂದಳು. ಆಮೇಲೆ ಆನಂದಕುಮಾರನ ಕಡೆಗೆ ತಿರುಗಿ, ಕಣ್ಣು ಕೊಡದೆ, "ತಿಳೀಲಾರ್ದ ಏನೇನೋ ಅಂದೆ ಅಣ್ಣಾ. ಮನಸಿನ್ಯಾಗ ಇಟ್ಕೊಬ್ಯಾಡ್ರಿ" ಎಂದು ಕೈ ಮುಗಿದಳು.

"ಇಲ್ಲ ತಂಗಿ" ಎಂದ. ದನಿ ದೊಡ್ಡವರ ದನಿಯಾಗಿಯೇ ಬಂತು.

ಅವಳು ಒಳಗೆ ಹೋಗಿ ತಾಟು ಹಾಕಿದಳು, ಕೈ ತೊಳೆಯಲು ನೀರು ಕೊಟ್ಟಳು. ರೊಟ್ಟಿ, ಬದನೆಕಾಯಿ, ಶೇಂಗಾದ ಹಿಂಡಿ. ಹಸಿವು ಹಾಗೇ ಇತ್ತು. ಮೊದಲು ಅವನಿಗೆ ಬಡಿಸಿ, ಅವನು ಎರಡು ತುತ್ತು ತಿಂದ ಮೇಲೆ ಗಂಡನಿಗೆ ಬಡಿಸಿದಳು. ನರೇಶ ಮೈಯ ಹುಡಿ ಜಾಡಿಸಿಕೊಂಡು, ಒಂದು ಮೊಳ ಹಿಂದೆ ಸರಿದು ಕೂತ. ಸ್ವಲ್ಪ ಹೊತ್ತಿನ ಮೇಲೆ ತಾಟಿನಿಂದ ತಲೆ ಎತ್ತಿದ.

"ಶುಕ್ರವಾರ ಎಷ್ಟಕ್ಕ ಬರ್ಲಿ ಅಣ್ಣಾ?"

"ಏಳಕ್ಕ" ಎಂದ ಆನಂದಕುಮಾರ, ರೊಟ್ಟಿ ಮುರಿಯುತ್ತ. "ತಡಾ ಮಾಡಬ್ಯಾಡ ಮತ್ತ."